ಮನೆಯೊಂದಿಗೆ ಮಾತೂ ಬದಲಾದಾಗ: ದೊಡ್ಡ ವಯಸ್ಸಿನಲ್ಲಿ ಬೇರೆ ದೇಶದಿಂದ ದತ್ತು ಬಂದ ಮಕ್ಕಳ ಭಾಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ದೇಶದಿಂದ ಸ್ವಲ್ಪ ದೊಡ್ಡ ಮಗುವನ್ನು ದತ್ತು ಪಡೆದವರು, ಪಡೆಯಲು ಹೊರಟವರು, ಅಂಥ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರು, ಹಾಗೆ ಬಂದು ಈಗ ಬೆಳೆದು ನಿಂತವರು, ಇವರೆಲ್ಲ ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದೆ. ಮೊದಲ ದಿನಗಳ ಸಂಗತಿಗಳು ಮೊದಲಿಗೆ, ವರ್ಷಗಳ ಮೇಲೆ ಏಳುವ ಪ್ರಶ್ನೆಗಳು ಕೊನೆಗೆ ಬರುತ್ತವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮಗು ಬರುವ ಮುನ್ನ, ಬಂದ ಹೊಸತರಲ್ಲಿ

‘ದೊಡ್ಡ ಮಗು’ ಅಂದರೆ ಎಷ್ಟು ವಯಸ್ಸಿನ ಮಗು?

ಕಾನೂನಿನ ಕಡತಗಳಲ್ಲಿ ಈ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆಯುತ್ತದೆ. ಭಾಷೆಯ ದೃಷ್ಟಿಯಿಂದ ನೋಡುವುದಾದರೆ, ತನ್ನ ಮೊದಲ ಭಾಷೆಯಲ್ಲಿ ಪೂರ್ಣ ವಾಕ್ಯಗಳನ್ನು ಆಡುತ್ತ, ನಿನ್ನೆ ನಡೆದದ್ದನ್ನು ಹೇಳುತ್ತ, ನಾಳೆ ಏನಾಗುವುದೆಂದು ಕೇಳುತ್ತ ಇದ್ದ ಮಗುವನ್ನು ದೊಡ್ಡ ಮಗುವೆಂದೇ ತಿಳಿಯಬೇಕು; ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಮಕ್ಕಳು ಈ ಹಂತಕ್ಕೆ ಬಂದಿರುತ್ತಾರೆ. ಹತ್ತು ತಿಂಗಳ ಕೂಸು ಹೊಸ ಮನೆಗೆ ಬಂದಾಗ ಅದಕ್ಕೆ ಯಾವ ಭಾಷೆಯಲ್ಲೂ ಆಡಲು ಬರುತ್ತಿರುವುದಿಲ್ಲ. ಏಳು ವರ್ಷದ ಮಗುವಿಗಾದರೋ ಹೇಳಲು ಬೇಕಾದಷ್ಟಿರುತ್ತದೆ, ಹೇಳುವ ಮಾತೂ ಇರುತ್ತದೆ, ಕೇಳಿ ತಿಳಿಯುವವರು ಮಾತ್ರ ಒಂದೇ ದಿನದಲ್ಲಿ ಇಲ್ಲವಾಗಿರುತ್ತಾರೆ. ಮುಂದಿನ ಬಹುಪಾಲು ತೊಡಕುಗಳು ಇಲ್ಲಿಂದಲೇ ಹುಟ್ಟುತ್ತವೆ.

ಮಗುವಿನ ಭಾಷೆಯನ್ನು ನಾವು ಮೊದಲೇ ಕಲಿಯಬೇಕೆ? ಎಷ್ಟು ಕಲಿತರೆ ಸಾಕು?

ಕಲಿಯಬೇಕು. ವ್ಯಾಕರಣದ ತನಕ ಹೋಗಬೇಕಾಗಿಲ್ಲ. ನೂರರಷ್ಟು ಮಾತುಗಳು ಬಾಯಿಗೆ ಬಂದರೆ ಮೊದಲ ತಿಂಗಳು ದಾಟುತ್ತದೆ. ಹಸಿವು, ಬಾಯಾರಿಕೆ, ಶೌಚ, ನೋವು, ಚಳಿ, ಬೇಕು, ಬೇಡ, ನಿಲ್ಲು, ಮುಟ್ಟಬೇಡ ಎಂಬವು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಇವುಗಳಷ್ಟೇ ಅಗತ್ಯವಾಗಿದ್ದೂ ಹಲವರು ಮರೆಯುವ ಮಾತುಗಳು ಬೇರೆ ಇವೆ: ‘ಹೊರಗೆ ಹೋಗಿ ಸಂಜೆಗೆ ಬರುತ್ತೇನೆ’, ‘ನೀನು ಏಳುವಾಗ ನಾನು ಇಲ್ಲೇ ಇರುತ್ತೇನೆ’, ‘ಅದು ನಿನ್ನ ತಪ್ಪಲ್ಲ’. ಒಂದು ಮನೆಯಿಂದ ಇನ್ನೊಂದು ಮನೆಗೆ ಕೈಬದಲಾದ ಮಗುವಿಗೆ ಇವು ಅನ್ನನೀರಿನಷ್ಟೇ ಬೇಕಾದವು. ನಿಮ್ಮ ಉಚ್ಚಾರ ಕೆಟ್ಟದಾಗಿದ್ದರೂ ಚಿಂತೆಯಿಲ್ಲ. ದೊಡ್ಡವರು ತಡವರಿಸುವುದನ್ನು ಕಂಡ ಮಗುವಿಗೆ ತಾನೂ ತಡವರಿಸಬಹುದೆಂಬ ಧೈರ್ಯ ಬರುತ್ತದೆ.

ಕಲಿಯಲು ಕೂರುವ ಮುನ್ನ ಮಗು ನಿಜಕ್ಕೂ ಯಾವ ಭಾಷೆ ಆಡುತ್ತದೆಂದು ವಿಚಾರಿಸಿಕೊಳ್ಳಿ. ಕಡತದಲ್ಲಿ ಸಾಮಾನ್ಯವಾಗಿ ದೇಶದ ಅಧಿಕೃತ ಭಾಷೆಯನ್ನು ಬರೆದಿರುತ್ತಾರೆ; ಮಗು ಆಡುತ್ತಿರುವುದು ಆ ದೇಶದ ಯಾವುದೋ ಮೂಲೆಯ ಬೇರೆಯೇ ಭಾಷೆಯಾಗಿರಬಹುದು. ಈವರೆಗೆ ಮಗುವನ್ನು ನೋಡಿಕೊಂಡವರನ್ನು ಕೇಳಿ, ಮಲಗಿಸುವಾಗ ಹೇಳುತ್ತಿದ್ದ ಮಾತು ಯಾವುದು, ಶೌಚಕ್ಕೆ ಹೋಗಬೇಕೆಂದರೆ ಮಗು ಏನನ್ನುತ್ತದೆ, ಮುದ್ದಿನಿಂದ ಹೇಗೆ ಕರೆಯುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಇಂಥ ಮಾತುಗಳು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ.

ಬಂದು ಮೂರು ವಾರವಾಯಿತು, ಬಾಯಿಯೇ ಬಿಡುತ್ತಿಲ್ಲ. ಏನಾದರೂ ತೊಂದರೆ ಇದೆಯೇ?

ಬಹಳ ಮಟ್ಟಿಗೆ ಇಲ್ಲ. ಹೊಸ ಭಾಷೆಯ ನಡುವೆ ಬಂದು ಬಿದ್ದ ಮಕ್ಕಳಲ್ಲಿ ಅನೇಕರು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಮಾತಾಡದೆ ಇರುತ್ತಾರೆ. ಭಾಷಾ ಕಲಿಕೆಯನ್ನು ಬಲ್ಲವರು ಇದನ್ನು ಮೌನದ ಅವಧಿ ಎನ್ನುತ್ತಾರೆ. ಬಾಯಿ ಮುಚ್ಚಿದ್ದರೂ ಕಿವಿ ತೆರೆದೇ ಇರುತ್ತದೆ: ಚಪ್ಪಲಿ ಹಾಕಿಕೊಳ್ಳೋಣ ಎಂದಾಗ ಮಗು ಬಾಗಿಲ ಕಡೆ ನೋಡುತ್ತದೆಯೇ, ಕೈ ಹಿಡಿದು ಎಳೆದು ಬೇಕಾದುದನ್ನು ತೋರಿಸುತ್ತದೆಯೇ, ಒಬ್ಬಂಟಿಯಾಗಿ ಆಡುವಾಗ ತನ್ನ ಭಾಷೆಯಲ್ಲಿ ಗುನುಗುತ್ತದೆಯೇ ಎಂಬುದನ್ನು ಗಮನಿಸಿ. ಇವೆಲ್ಲ ಇದ್ದರೆ ಕಾಯಿರಿ. ನೆಂಟರ ಮುಂದೆ ನಿಲ್ಲಿಸಿ ‘ಹೇಳು, ಹೇಳು’ ಎಂದು ಬಲವಂತ ಮಾಡಬೇಡಿ. ಸದ್ದಿಗೆ ತಿರುಗಿ ನೋಡದ, ಸನ್ನೆಯನ್ನೂ ಮಾಡದ, ತನ್ನ ಭಾಷೆ ಬಲ್ಲವರೊಂದಿಗೂ ಆಡದ ಮಗುವಿನ ವಿಷಯ ಬೇರೆ. ಅದನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಫೋನಿನ ಅನುವಾದದ ಆ್ಯಪ್ ಸಾಕಲ್ಲವೇ, ದುಭಾಷಿ ಯಾಕೆ?

ನೀರು ಬೇಕೇ, ಹೊರಗೆ ಹೋಗೋಣವೇ ಎಂದು ಕೇಳಲು ಆ್ಯಪ್ ಧಾರಾಳವಾಗಿ ಸಾಕು. ವೈದ್ಯರ ಬಳಿ, ಶಾಲೆಯ ಮೊದಲ ಭೇಟಿಯಲ್ಲಿ, ಮಗು ಅತ್ತು ಏನನ್ನೋ ಹೇಳಲು ಹೆಣಗುತ್ತಿರುವಾಗ ಮನುಷ್ಯರೇ ಬೇಕು. ಅಳುವಿನ ನಡುವೆ ಬಂದ ಅರೆವಾಕ್ಯವನ್ನು ಯಂತ್ರ ತಪ್ಪಾಗಿ ತಿಳಿಯುವುದೇ ಹೆಚ್ಚು. ದುಭಾಷಿಯನ್ನು ಕರೆಸುವಾಗ ಒಂದು ಎಚ್ಚರಿಕೆ ಇರಲಿ. ತನ್ನ ಭಾಷೆ ಆಡುವ ಅಪರಿಚಿತರನ್ನು ಕಂಡೊಡನೆ ತನ್ನನ್ನು ವಾಪಸು ಕರೆದೊಯ್ಯಲು ಬಂದಿದ್ದಾರೆಂದು ಹೆದರಿ ಅಡಗಿಕೊಳ್ಳುವ ಮಕ್ಕಳಿದ್ದಾರೆ. ಬಂದವರು ಬಾಗಿಲಲ್ಲೇ ತಾವು ಯಾರು, ಯಾಕೆ ಬಂದಿದ್ದೇವೆ, ಎಷ್ಟು ಹೊತ್ತಿಗೆ ಒಬ್ಬರೇ ಹೊರಟುಹೋಗುತ್ತೇವೆ ಎಂಬುದನ್ನು ಮಗುವಿಗೆ ಹೇಳಿಬಿಡಲಿ.

## ಕಲಿಕೆ ಸಾಗುವ ಬಗೆ

ಎಷ್ಟು ದಿನದಲ್ಲಿ ಮಾತು ಬರುತ್ತದೆ?

ನೀವು ನೆನೆಸಿದ್ದಕ್ಕಿಂತ ಬೇಗ ಬರುತ್ತದೆ. ನೀವು ನೆನೆಸಿದ್ದಕ್ಕಿಂತ ತಡವಾಗಿಯೂ ಬರುತ್ತದೆ. ದಿನನಿತ್ಯದ ಮಾತು, ಅಂದರೆ ಆಟದಲ್ಲಿ, ಊಟದ ಹೊತ್ತಿನಲ್ಲಿ, ಜಗಳದಲ್ಲಿ ಬೇಕಾಗುವ ಮಾತು ಕೆಲವೇ ತಿಂಗಳಲ್ಲಿ ಮೊಳೆತು ಒಂದೆರಡು ವರ್ಷದಲ್ಲಿ ಸರಾಗವಾಗುತ್ತದೆ. ಪಠ್ಯದ, ವಾದದ, ವಿವರಣೆಯ ಭಾಷೆ ವಯಸ್ಸಿಗೆ ತಕ್ಕ ಮಟ್ಟಕ್ಕೆ ಏರಲು ಅದರ ಎರಡು ಮೂರು ಪಟ್ಟು ಕಾಲ ಹಿಡಿಯುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು 1979ರಲ್ಲಿ ಸ್ಪಷ್ಟವಾಗಿ ಹೆಸರಿಟ್ಟು ಹೇಳಿದವರು ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್. ವಲಸೆ ಬಂದ ಮಕ್ಕಳಿಗೆ ಮೊದಲನೆಯದಕ್ಕೆ ಸುಮಾರು 2 ವರ್ಷ, ಎರಡನೆಯದಕ್ಕೆ 5ರಿಂದ 7 ವರ್ಷ ಬೇಕಾಗುತ್ತದೆಂಬ ಅವರ ಲೆಕ್ಕ ಇಂದಿಗೂ ಬಳಕೆಯಲ್ಲಿದೆ.

ಕಲಿಯುವ ಕ್ರಮದ ಬಗ್ಗೆಯೂ ಒಂದು ಸೋಜಿಗದ ಸಂಗತಿ ತಿಳಿದುಬಂದಿದೆ. ಶಾಲೆಗೆ ಹೋಗುವ ಮುನ್ನಿನ ವಯಸ್ಸಿನಲ್ಲಿ ಚೀನಾದಿಂದ ಅಮೆರಿಕಕ್ಕೆ ದತ್ತು ಬಂದ ಮಕ್ಕಳನ್ನು ಜೆಸ್ಸಿ ಸ್ನೆಡೆಕರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಕಾರ, ಈ ಮಕ್ಕಳು ಎಳೆಗೂಸುಗಳ ಹಾದಿಯನ್ನೇ ಹಿಡಿಯುತ್ತಾರೆ: ಮೊದಲು ಹೆಸರುಪದಗಳು, ಆಮೇಲೆ ಕ್ರಿಯಾಪದಗಳು, ಕೊನೆಗೆ ಪದಗಳನ್ನು ಪೋಣಿಸುವ ಪ್ರತ್ಯಯದಂಥ ಸಣ್ಣ ತುಣುಕುಗಳು. ಕೂಸುಗಳು ಬಹುಕಾಲ ನಡೆಯುವ ದಾರಿಯನ್ನು ಇವರು ತಿಂಗಳುಗಳಲ್ಲಿ ಓಡಿ ಮುಗಿಸುತ್ತಾರೆ, ಅಷ್ಟೇ. ಹಾಗಾಗಿ ಆರು ವರ್ಷದ ಮಗು ಮೊದಮೊದಲು ಒಂದೂವರೆ ವರ್ಷದ ಕೂಸಿನಂತೆ ಎರಡೆರಡೇ ಪದ ಜೋಡಿಸಿ ಆಡಿದರೆ ಅದು ಬುದ್ಧಿ ಹಿಂದಕ್ಕೆ ಸರಿದ ಲಕ್ಷಣವಲ್ಲ.

ಆರು ತಿಂಗಳಿಗೇ ತನ್ನ ಭಾಷೆಯನ್ನು ಮರೆತಿದ್ದಾನೆ. ಇದು ಸಾಧ್ಯವೇ, ಅಥವಾ ನಾಟಕವೇ?

ಸಾಧ್ಯ, ಮತ್ತು ಸಾಮಾನ್ಯ. ತಂದೆತಾಯಿಯೊಂದಿಗೆ ವಲಸೆ ಬಂದ ಮಗು ಶಾಲೆಯಿಂದ ಮರಳಿದ ಮೇಲೆ ಮನೆಯಲ್ಲಿ ಹಳೆಯ ಭಾಷೆಯನ್ನೇ ಆಡುತ್ತದೆ. ಹೊಸದು ಹಳೆಯದರ ಮೇಲೆ ಕೂಡಿಕೊಳ್ಳುತ್ತದೆ. ದತ್ತು ಬಂದ ಮಗುವಿಗೆ ಆ ಮನೆಯೇ ಇಲ್ಲ. ಹಳೆಯ ಭಾಷೆಯಲ್ಲಿ ಉತ್ತರ ಕೊಡುವವರು ಯಾರೂ ಇಲ್ಲದಾಗ ಅದು ಹೊಸದರ ಕೆಳಗೆ ಕರಗುತ್ತ ಹೋಗುತ್ತದೆ. ಪೂರ್ವ ಯುರೋಪಿನಿಂದ ದತ್ತು ಬಂದ ಮಕ್ಕಳೊಂದಿಗೆ ದೀರ್ಘಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಬೋರಿಸ್ ಗಿಂಡಿಸ್, ನಾಲ್ಕರಿಂದ ಎಂಟು ವರ್ಷದ ಮಕ್ಕಳು ಕೆಲವೇ ತಿಂಗಳಲ್ಲಿ ಮೊದಲ ಭಾಷೆಯನ್ನು ಆಡುವ ಶಕ್ತಿ ಕಳೆದುಕೊಳ್ಳುವುದನ್ನು ದಾಖಲಿಸಿದ್ದಾರೆ. ಮೊದಲು ಹೋಗುವುದು ಆಡುವ ಶಕ್ತಿ. ಕೇಳಿ ತಿಳಿಯುವ ಶಕ್ತಿ ಇನ್ನಷ್ಟು ಕಾಲ ಉಳಿಯುತ್ತದೆ. ಹತ್ತು ಹನ್ನೆರಡು ದಾಟಿದ, ಓದು ಬರಹ ಕಲಿತ ಮಕ್ಕಳಲ್ಲಿ ಈ ಸವೆತ ನಿಧಾನ.

ಈ ಮರೆವು ಎಷ್ಟು ಆಳಕ್ಕೆ ಹೋಗುತ್ತದೆಂದು ಫ್ರಾನ್ಸಿನ ಕ್ರಿಸ್ತೋಫ್ ಪಾಲ್ಯೆ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಬಂದು ಈಗ ವಯಸ್ಕರಾಗಿದ್ದ ಎಂಟು ಮಂದಿಗೆ ಕೊರಿಯನ್ ವಾಕ್ಯಗಳನ್ನು ಕೇಳಿಸಿ ಮಿದುಳಿನ ಚಟುವಟಿಕೆ ಅಳೆದಾಗ, ಅದು ಅವರಿಗೆ ಯಾವುದೋ ಪರಕೀಯ ಭಾಷೆಯಂತೆಯೇ ಕೇಳಿಸಿತ್ತು; ಕೊರಿಯನ್ ಎಂದೂ ಕೇಳದ ಫ್ರೆಂಚರಿಗಿಂತ ಬೇರೆಯಾದ ಗುರುತೇನೂ ಕಾಣಲಿಲ್ಲ. ಎಂಟು ವರ್ಷ ಆಡಿದ ಭಾಷೆಯೂ ಹೀಗೆ ಹೋಗಬಹುದೆಂದರೆ, ಆರು ತಿಂಗಳಿಗೆ ಮರೆತ ನಿಮ್ಮ ಮಗ ನಾಟಕ ಆಡುತ್ತಿದ್ದಾನೆ ಎನ್ನಲು ಕಾರಣವಿಲ್ಲ. ಕೆಲವು ಮಕ್ಕಳು ನೋವಿನ ನೆನಪಿನಿಂದ ದೂರ ಸರಿಯಲು ಬೇಕೆಂದೇ ಆ ಭಾಷೆಯನ್ನು ಬಿಡುವುದೂ ಉಂಟು. ಅದನ್ನೂ ನಾಟಕವೆಂದು ಕರೆಯಲಾಗದು.

ಈಗ ಹಳೆಯ ಭಾಷೆಯೂ ಸರಿಯಾಗಿ ಬಾರದು, ಹೊಸದೂ ಬಾರದು. ಸಿಟ್ಟು ಮಾತ್ರ ಬರುತ್ತದೆ. ನಾವೇ ಹಾಳು ಮಾಡಿದೆವೇ?

ಈ ಪ್ರಶ್ನೆ ಹೆಚ್ಚಾಗಿ ಮೂರನೆಯ ತಿಂಗಳಿಂದ ಒಂದೂವರೆ ವರ್ಷದ ನಡುವೆ ಬರುತ್ತದೆ, ಮತ್ತು ಅದನ್ನು ಕೇಳುವವರ ದನಿಯಲ್ಲಿ ಬಹಳ ದಣಿವಿರುತ್ತದೆ. ನೀವು ಹಾಳು ಮಾಡಿಲ್ಲ. ಹಳೆಯ ದೋಣಿ ಬಿಟ್ಟು ಹೊಸ ದೋಣಿಗೆ ಕಾಲಿಡುವ ನಡುವೆ ಒಂದು ಕ್ಷಣ ಎರಡೂ ಕಾಲಡಿಯಲ್ಲಿ ಇರುವುದಿಲ್ಲ. ಭಾಷೆಯ ವಿಷಯದಲ್ಲಿ ಆ ಕ್ಷಣ ತಿಂಗಳುಗಟ್ಟಲೆ ಹಿಗ್ಗುತ್ತದೆ.

ಮಾತು ಇರುವುದು ಇತರರೊಂದಿಗೆ ಆಡಲಷ್ಟೇ ಎಂದು ನಾವು ಭಾವಿಸುತ್ತೇವೆ. ಐದಾರು ವರ್ಷದ ಹೊತ್ತಿಗೆ ಮಗು ತನ್ನೊಂದಿಗೆ ತಾನೇ ಆಡಿಕೊಳ್ಳುವುದನ್ನು ಕಲಿತಿರುತ್ತದೆ: ‘ಇನ್ನು ಸ್ವಲ್ಪ ತಾಳು, ನನ್ನ ಸರದಿ ಬರುತ್ತದೆ’, ‘ಅವನು ಬೇಕೆಂದು ತಳ್ಳಲಿಲ್ಲ’, ‘ಮೊದಲು ಇದು, ಆಮೇಲೆ ಅದು’. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಈ ಒಳಮಾತಿನ ಮಹತ್ವವನ್ನು ವಿವರಿಸಿದ್ದರು. ಸಿಟ್ಟನ್ನು ತಡೆಹಿಡಿಯುವುದು, ಕೆಲಸವನ್ನು ಯೋಜಿಸುವುದು, ಕಾಯುವುದು ಇವೆಲ್ಲ ಅದರ ಆಸರೆಯಲ್ಲೇ ನಡೆಯುತ್ತವೆ. ಹಳೆಯ ಭಾಷೆ ಸಡಿಲಗೊಂಡು ಹೊಸದು ಇನ್ನೂ ಒಳಕ್ಕೆ ಇಳಿಯದ ಕಾಲದಲ್ಲಿ ಮಗುವಿನ ಕೈಯಿಂದ ಈ ಆಸರೆಯೇ ಜಾರಿರುತ್ತದೆ. ಎಂಟು ವರ್ಷದ ಹುಡುಗಿ ಮೂರು ವರ್ಷದವಳಂತೆ ನೆಲಕ್ಕೆ ಬಿದ್ದು ಹೊರಳಿದರೆ, ವಸ್ತುಗಳನ್ನು ಎಸೆದರೆ, ಅದನ್ನು ಬರಿಯ ಹಟವೆಂದು ಓದಿದವರು ಶಿಕ್ಷೆಗೆ ಇಳಿಯುತ್ತಾರೆ, ಮತ್ತು ಶಿಕ್ಷೆಗೆ ಕಾರಣವೇನೆಂದು ವಿವರಿಸುವ ವಾಕ್ಯವೂ ಅವಳಿಗೆ ಅರ್ಥವಾಗುವುದಿಲ್ಲ.

ಈ ಕಾಲದಲ್ಲಿ ಮಾತಿನ ಭಾರವನ್ನು ಬೇರೆ ಸಂಗತಿಗಳ ಮೇಲೆ ಹೊರಿಸಬೇಕು. ದಿನ ಒಂದೇ ಕ್ರಮದಲ್ಲಿ ಸಾಗಲಿ. ಏಳುವುದರಿಂದ ಮಲಗುವವರೆಗಿನ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಹಚ್ಚಿ, ಬದಲಾವಣೆ ಇರುವ ದಿನ ಬೆಳಗ್ಗೆಯೇ ಚಿತ್ರ ಬದಲಿಸಿ ತೋರಿಸಿ. ಮಾತಿಲ್ಲದೆ ಆಡಬಹುದಾದ ಆಟಗಳು, ಒಟ್ಟಿಗೆ ಮಾಡುವ ಕೈಕೆಲಸಗಳು ಹೆಚ್ಚಾಗಲಿ. ಸಿಟ್ಟಿನ ನಡುವೆ ಪಾಠ ಬೇಡ. ಸಿಟ್ಟು ಇಳಿದ ಮೇಲೆ, ‘ನಿನಗೆ ಸಿಟ್ಟು ಬಂದಿತ್ತು. ಅವನು ಚೆಂಡು ಕಸಿದ. ನಿನಗೆ ಸಿಟ್ಟು ಬಂತು’ ಎಂದು ಎರಡು ಮೂರು ಸಣ್ಣ ವಾಕ್ಯಗಳಲ್ಲಿ ಆದುದಕ್ಕೆ ಹೆಸರಿಡಿ. ಇದೇ ವಾಕ್ಯಗಳನ್ನು ಮಗು ಮುಂದೊಂದು ದಿನ ತನಗೆ ತಾನೇ ಹೇಳಿಕೊಳ್ಳುತ್ತದೆ.

ಇನ್ನೊಂದು ಸಣ್ಣ ಮಾತು. ‘ಅರ್ಥವಾಯಿತೇ?’ ಎಂದು ಕೇಳುವುದನ್ನು ಬಿಡಿ. ಅದಕ್ಕೆ ‘ಹೌದು’ ಎಂದರೆ ದೊಡ್ಡವರು ಸುಮ್ಮನಾಗುತ್ತಾರೆಂಬುದನ್ನು ಮಗು ಎಲ್ಲಕ್ಕಿಂತ ಮೊದಲು ಕಲಿತಿರುತ್ತದೆ. ಆ ಹೌದನ್ನು ನಂಬಿ, ಆಮೇಲೆ ಹೇಳಿದಂತೆ ನಡೆಯಲಿಲ್ಲವೆಂದು ಸುಳ್ಳುಗಾರರ ಪಟ್ಟ ಕಟ್ಟಿದ ಮನೆಗಳು ಕಡಿಮೆಯಿಲ್ಲ. ಅರ್ಥವಾಗಿದೆಯೇ ಎಂದು ತಿಳಿಯಬೇಕಾದರೆ ಮಾಡಿ ತೋರಿಸಲು ಹೇಳಿ.

ತಪ್ಪು ಮಾತಾಡಿದಾಗಲೆಲ್ಲ ತಿದ್ದಬೇಕೆ?

ಬೇಡ. ‘ನಾನು ನಿನ್ನೆ ಹೋಗುತ್ತೇನೆ’ ಎಂದರೆ, ‘ಹೌದಾ, ನಿನ್ನೆ ಹೋಗಿದ್ದೆಯಾ? ಅಲ್ಲಿ ಯಾರಿದ್ದರು?’ ಎಂದು ಸರಿಯಾದ ರೂಪವನ್ನು ನಿಮ್ಮ ಉತ್ತರದೊಳಗೇ ಸೇರಿಸಿ ಮಾತು ಮುಂದುವರಿಸಿ. ಮಗುವಿನ ತಪ್ಪು ಮಾತನ್ನು ಮುದ್ದೆಂದು ನೀವೂ ಅನುಕರಿಸಬೇಡಿ.

ನಮ್ಮ ಮಗಳಿಗೆ ಹನ್ನೊಂದು ವರ್ಷ. ಭಾಷೆ ಕಲಿಯುವ ವಯಸ್ಸು ಮೀರಿಹೋಯಿತೇ?

ಮೀರಿಲ್ಲ. ಭಾಷೆ ಕಲಿಯಲು ಒಂದು ನಿರ್ಣಾಯಕ ಕಾಲವಿದೆಯೆಂಬ ವಾದವನ್ನು ಎರಿಕ್ ಲೆನೆಬರ್ಗ್ 1967ರಲ್ಲಿ ಮುಂದಿಟ್ಟಾಗಿನಿಂದ ಹನ್ನೆರಡು ಹದಿಮೂರರ ಆಚೆ ಬಾಗಿಲು ಮುಚ್ಚುತ್ತದೆಂಬ ನಂಬಿಕೆ ಹರಡಿದೆ. ಜೋಶುವಾ ಹಾರ್ಟ್‌ಶೋರ್ನ್ ಮತ್ತು ಸಂಗಡಿಗರು ಸುಮಾರು 6,70,000 ಜನರ ಇಂಗ್ಲಿಷ್ ವ್ಯಾಕರಣದ ಉತ್ತರಗಳನ್ನು ಪರಿಶೀಲಿಸಿ 2018ರಲ್ಲಿ ಕಂಡುಕೊಂಡಂತೆ, ವ್ಯಾಕರಣ ಕಲಿಯುವ ಶಕ್ತಿ ಹದಿನೇಳರ ಹತ್ತಿರದವರೆಗೂ ಹೆಚ್ಚು ಕುಂದುವುದಿಲ್ಲ. ಹುಟ್ಟಿನಿಂದ ಆಡಿದವರ ಮಟ್ಟ ಮುಟ್ಟಬೇಕಾದರೆ ಮಾತ್ರ ಹತ್ತು ಹನ್ನೆರಡರೊಳಗೆ ಆರಂಭಿಸಿರಬೇಕು. ಉಚ್ಚಾರದಲ್ಲಿ ಹಳೆಯ ಭಾಷೆಯ ಛಾಯೆ ಉಳಿಯಬಹುದು. ಅದನ್ನು ಅಳಿಸಲು ಶ್ರಮಪಡುವ ಬದಲು ಆ ಶ್ರಮವನ್ನು ಓದಿಗೆ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲೇ ಎರಡು ಭಾಷೆ ಇವೆ. ಯಾವುದನ್ನು ಕಲಿಸಬೇಕು?

ಎರಡು ಭಾಷೆಗಳಿಂದ ಮಕ್ಕಳ ತಲೆ ಕೆಡುವುದಿಲ್ಲ. ಮಗುವನ್ನು ಹೆಚ್ಚು ಹೊತ್ತು ನೋಡಿಕೊಳ್ಳುವವರಿಗೆ ಯಾವ ಭಾಷೆಯಲ್ಲಿ ಮುದ್ದು, ಗದರಿಕೆ, ತಮಾಷೆ ಯೋಚಿಸದೆ ಬರುತ್ತವೆಯೋ ಅದು ಮೊದಲು ನೆಲೆಯೂರಲಿ. ಶಾಲೆಗೆ ಉಪಯೋಗವೆಂದು ತಮಗೇ ಅರೆಬರೆ ಬರುವ ಭಾಷೆಯಲ್ಲಿ ಮಗುವಿನೊಂದಿಗೆ ಆಡುವ ತಂದೆತಾಯಿಯರು ಮಗುವಿಗೆ ಬಡ ಭಾಷೆಯನ್ನು ಕೊಡುತ್ತಾರೆ, ತಮ್ಮ ಸಲಿಗೆಯನ್ನೂ ಬಿಗಿ ಮಾಡಿಕೊಳ್ಳುತ್ತಾರೆ.

## ಶಾಲೆಯ ಅಂಗಳದಲ್ಲಿ

ಶಾಲೆಗೆ ಯಾವಾಗ ಸೇರಿಸುವುದು? ಒಂದು ತರಗತಿ ಹಿಂದಕ್ಕೆ ಹಾಕಿಸಬೇಕೆ?

ಭಾಷೆ ಬರಲೆಂದು ವರ್ಷಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ವಿಮಾನ ಇಳಿದ ವಾರವೇ ತರಗತಿಯಲ್ಲಿ ಕೂರಿಸುವುದೂ ಸರಿಯಲ್ಲ. ಮನೆಯವರು ಯಾರು, ದಿನ ಹೇಗೆ ಸಾಗುತ್ತದೆ, ಶಾಲೆಯಿಂದ ಮರಳಿ ಕರೆತರುವವರು ಯಾರು ಎಂಬುದು ಮಗುವಿಗೆ ದೃಢವಾಗುವಷ್ಟು ವಾರಗಳು ಬೇಕು. ಆಮೇಲೆ ಅರ್ಧ ದಿನದಿಂದ ಆರಂಭಿಸಬಹುದು. ಒಂದು ತರಗತಿಯಷ್ಟು ಹಿಂದೆ ಇರುವುದರಿಂದ ಹಾನಿಯಿಲ್ಲ, ಮೂರು ತರಗತಿ ಹಿಂದಕ್ಕೆ ತಳ್ಳಿದರೆ ಮಗು ಎತ್ತರದಲ್ಲೂ ಆಸಕ್ತಿಯಲ್ಲೂ ಜೊತೆಯವರಿಂದ ಬೇರೆಯಾಗಿ ನಿಲ್ಲುತ್ತದೆ. ಭಾಷೆಯನ್ನು ಹೆಚ್ಚಾಗಿ ಕಲಿಸುವವರು ಓರಗೆಯ ಮಕ್ಕಳೇ ಆದ್ದರಿಂದ ಓರಗೆಯವರ ಸಂಗ ತಪ್ಪಿಸುವುದು ದುಬಾರಿ.

ಮನೆಯಲ್ಲಿ ಚಟಪಟ ಮಾತಾಡುತ್ತಾಳೆ, ಪಾಠ ಮಾತ್ರ ತಲೆಗೆ ಹತ್ತುವುದಿಲ್ಲ. ಸೋಮಾರಿತನವೇ?

ಮೊದಲ ವರ್ಷ ಮಗುವಿಗೆ ಮಾತು ಬರುತ್ತಿಲ್ಲವೆಂದು ಅವಸರಪಟ್ಟ ದೊಡ್ಡವರೇ ಮೂರನೆಯ ವರ್ಷ ಮಗುವಿಗೆ ಭಾಷೆ ಬಂದಾಯಿತೆಂದು ಕೈತೊಳೆದುಕೊಳ್ಳುತ್ತಾರೆ. ಎರಡೂ ತಪ್ಪು, ಎರಡನೆಯದು ಹೆಚ್ಚು ದುಬಾರಿ. ಮಾತು ಬೇಗ ಬಂದಿದೆ, ಭಾಷೆ ಇನ್ನೂ ಬರಬೇಕಾಗಿದೆ.

ಮನೆಯ ಮಾತಿಗೆ ಎದುರಿಗಿರುವ ವಸ್ತುಗಳ, ಮುಖಭಾವದ, ಕೈಸನ್ನೆಯ ಬೆಂಬಲವಿರುತ್ತದೆ. ‘ಅದನ್ನು ಅಲ್ಲಿಡು’ ಎಂಬುದು ಪೂರ್ಣ ವಾಕ್ಯ, ಏಕೆಂದರೆ ಯಾವುದನ್ನು ಎಲ್ಲಿ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ. ಪಾಠದ ವಾಕ್ಯಕ್ಕೆ ಇಂಥ ಊರುಗೋಲಿಲ್ಲ. ಒಂದು ಲೆಕ್ಕ ತೆಗೆದುಕೊಳ್ಳಿ: ‘ಒಂದು ತೊಟ್ಟಿಯಲ್ಲಿ ಇನ್ನೊಂದಕ್ಕಿಂತ 12 ಲೀಟರ್ ಕಡಿಮೆ ನೀರಿದೆ, ಎರಡರಲ್ಲೂ ಸೇರಿ 48 ಲೀಟರ್ ಇದ್ದರೆ ಪ್ರತಿಯೊಂದರಲ್ಲಿ ಎಷ್ಟಿದೆ?’ ತೊಟ್ಟಿ, ನೀರು, ಲೀಟರ್ ಎಲ್ಲ ಗೊತ್ತು, ಕೂಡುವುದು ಕಳೆಯುವುದೂ ಗೊತ್ತು. ‘ಇನ್ನೊಂದಕ್ಕಿಂತ’, ‘ಸೇರಿ’, ‘ಇದ್ದರೆ’, ‘ಪ್ರತಿಯೊಂದರಲ್ಲಿ’ ಎಂಬ ನಾಲ್ಕು ಸಣ್ಣ ಪದಗಳಲ್ಲಿ ಲೆಕ್ಕದ ಜೀವವಿದೆ, ಮಗು ಎಡವುವುದೂ ಅಲ್ಲೇ. ಆದರೂ, ಹೊರತು, ಆದ್ದರಿಂದ, ಒಂದು ವೇಳೆ ಮುಂತಾದವೂ ಇದೇ ಜಾತಿಯವು. ಜೊತೆಗೆ, ಹುಟ್ಟಿದ್ದು ಇದೇ ಭಾಷೆಯಲ್ಲಿ ಎಂಬ ಮಕ್ಕಳು ಕೇಳಿದ ಕಥೆಗಳು, ಒಗಟುಗಳು, ಗಾದೆಗಳು, ಹಿರಿಯರ ಹರಟೆ ಇವಳ ಪಾಲಿಗೆ ಆರೇಳು ವರ್ಷದಷ್ಟು ಇಲ್ಲವೇ ಇಲ್ಲ.

ಪರಿಹಾರ ನಿಧಾನವಾದದ್ದು. ಮಗುವಿಗೆ ಓದಲು ಬಂದ ಮೇಲೂ ನೀವು ಗಟ್ಟಿಯಾಗಿ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಹನ್ನೆರಡು ವರ್ಷದವಳಿಗೆ ಓದಿ ಹೇಳುವುದರಲ್ಲಿ ನಾಚಿಕೆಯೇನಿಲ್ಲ. ಕಣ್ಣೆದುರು ಇಲ್ಲದುದರ ಬಗ್ಗೆ ಮಾತಾಡಿಸಿ: ನಿನ್ನೆ ಏನಾಯಿತು, ಅದು ಹಾಗೇಕಾಯಿತು, ಬೇರೆ ರೀತಿ ಆಗಿದ್ದರೆ ಏನಾಗುತ್ತಿತ್ತು. ಪಾಠದ ಹೊಸ ಪದಗಳನ್ನು ಶಿಕ್ಷಕರಿಂದ ಒಂದು ವಾರ ಮುಂಚೆ ಕೇಳಿ ಪಡೆದು ಮನೆಯಲ್ಲಿ ಬಳಸಿಬಿಟ್ಟರೆ, ತರಗತಿಯಲ್ಲಿ ಅವು ಬಂದಾಗ ಮಗು ಹಳೆಯ ಪರಿಚಿತರನ್ನು ಕಂಡಂತೆ ತಲೆಯೆತ್ತುತ್ತದೆ.

ಇದು ಭಾಷೆಯ ತೊಡಕೋ, ಕಲಿಕೆಯ ದೋಷವೋ? ಹೇಗೆ ಗೊತ್ತಾಗುತ್ತದೆ?

ಹೊಸ ಭಾಷೆಯಲ್ಲಿ ಪರೀಕ್ಷಿಸಿದರೆ ಎಲ್ಲ ಮಕ್ಕಳೂ ಹಿಂದುಳಿದವರಂತೆ ಕಾಣುತ್ತಾರೆ. ಒಂದು ವರ್ಷದ ಮೇಲೆ ಹಳೆಯ ಭಾಷೆಯಲ್ಲಿ ಪರೀಕ್ಷಿಸಿದರೂ ಹಾಗೆಯೇ ಕಾಣುತ್ತಾರೆ. ಆದ್ದರಿಂದ ಮಗು ಬಂದ ಮೊದಲ ಕೆಲವು ವಾರಗಳಲ್ಲೇ, ಅದರ ಭಾಷೆ ಬಲ್ಲ ವಾಕ್ ಚಿಕಿತ್ಸಕರಿಂದ ಅಥವಾ ಮನಶ್ಶಾಸ್ತ್ರಜ್ಞರಿಂದ ಮೊದಲ ಭಾಷೆಯಲ್ಲಿ ಪರಿಶೀಲನೆ ಮಾಡಿಸಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಮೊದಲ ಭಾಷೆಯಲ್ಲೇ ಕಥೆ ಹೇಳಲು, ಸೂಚನೆ ಪಾಲಿಸಲು ಕಷ್ಟಪಡುತ್ತಿದ್ದ ಮಗು ಎರಡನೆಯದರಲ್ಲೂ ಕಷ್ಟಪಡುತ್ತದೆ, ಅಲ್ಲಿ ನೆರವು ಕೂಡಲೇ ಬೇಕು. ‘ಭಾಷೆ ಬಂದ ಮೇಲೆ ಸರಿಹೋಗುತ್ತದೆ, ಎರಡು ವರ್ಷ ಕಾಯಿರಿ’ ಎಂಬ ಸಲಹೆಯನ್ನು ಎಷ್ಟೋ ಕುಟುಂಬಗಳು ಕೇಳಿವೆ. ಅದು ಕೆಲವರಿಗೆ ನಿಜವಾಗಿದೆ, ಉಳಿದವರಿಗೆ ಎರಡು ವರ್ಷ ನಷ್ಟವಾಗಿದೆ.

ಕಿವಿಯನ್ನು ಮರೆಯಬೇಡಿ. ಪಾಲನಾಗೃಹಗಳಲ್ಲಿ ಬೆಳೆದ ಮಕ್ಕಳಲ್ಲಿ ಸರಿಯಾಗಿ ಚಿಕಿತ್ಸೆಯಾಗದ ಕಿವಿಸೋರಿಕೆ ಅಪರೂಪವಲ್ಲ, ಅದರಿಂದ ಶ್ರವಣ ಸ್ವಲ್ಪ ಕುಗ್ಗಿದರೂ ಹೊಸ ಭಾಷೆಯ ಸೂಕ್ಷ್ಮ ಧ್ವನಿಗಳು ಕೈತಪ್ಪುತ್ತವೆ. ಎಷ್ಟು ಕಾಲ ಪಾಲನಾಗೃಹದಲ್ಲಿ ಇದ್ದರೆಂಬುದೂ ಮುಖ್ಯ. ರೊಮೇನಿಯಾದ ಬುಕಾರೆಸ್ಟಿನಲ್ಲಿ 136 ಮಕ್ಕಳನ್ನು ಒಳಗೊಂಡು ಈ ಶತಮಾನದ ಆರಂಭದಲ್ಲಿ ಶುರುವಾದ ದೀರ್ಘ ಅಧ್ಯಯನದಲ್ಲಿ, ಎರಡು ವರ್ಷ ತುಂಬುವ ಮುನ್ನ ಪಾಲನಾಗೃಹ ಬಿಟ್ಟು ಕುಟುಂಬ ಸೇರಿದ ಮಕ್ಕಳ ಭಾಷೆ ತಡವಾಗಿ ಸೇರಿದವರದಕ್ಕಿಂತ ಬಹಳ ಚೆನ್ನಾಗಿ ಬೆಳೆಯಿತು. ಭಾಷೆಗೆ ಒಬ್ಬರಿಗೊಬ್ಬರು ಎದುರಾಗಿ ಆಡುವ ಮಾತು ಬೇಕು. ಇಪ್ಪತ್ತು ಮಕ್ಕಳಿಗೆ ಇಬ್ಬರು ಆಯಾಗಳಿದ್ದ ಕಡೆ ಅದು ಎಷ್ಟು ಸಿಕ್ಕೀತು?

## ಹಿಂದೆ ಬಿಟ್ಟು ಬಂದ ಭಾಷೆ

ಹುಟ್ಟುಭಾಷೆಯನ್ನು ಉಳಿಸೋಣವೆಂದರೆ ಮಗುವೇ ಬೇಡ ಎನ್ನುತ್ತದೆ. ಬಲವಂತ ಮಾಡಬೇಕೆ?

ಬಲವಂತ ಬೇಡ, ಬಾಗಿಲು ಮುಚ್ಚುವುದೂ ಬೇಡ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿ, ತನ್ನ ಕುಟುಂಬದಿಂದ ಹೊರಗಾದ ಮಗುವಿಗೆ ಬೇರೆ ನೆಲೆ ಹುಡುಕುವಾಗ ಅದರ ಭಾಷಿಕ ಹಿನ್ನೆಲೆಗೂ ಬೆಲೆ ಕೊಡಬೇಕೆನ್ನುತ್ತದೆ. ಕಾಗದದ ಮೇಲಿನ ಈ ಮಾತು ಮನೆಯಲ್ಲಿ ಜಾರಿಗೆ ಬರುವುದು ಸಣ್ಣ ಸಂಗತಿಗಳಲ್ಲಿ: ಆ ಭಾಷೆಯ ಹಾಡು ಮನೆಯಲ್ಲಿ ಕೇಳುತ್ತಿರುವುದು, ಆ ಭಾಷೆ ಆಡುವ ಒಂದು ಕುಟುಂಬದ ಒಡನಾಟ, ಶೆಲ್ಫಿನಲ್ಲಿ ಆ ಲಿಪಿಯ ನಾಲ್ಕು ಪುಸ್ತಕ. ಅಕ್ಕ ತಮ್ಮ ಒಟ್ಟಿಗೆ ಬಂದಿದ್ದರೆ ಅವರು ತಮ್ಮೊಳಗೆ ಹಳೆಯ ಭಾಷೆ ಆಡುವುದನ್ನು ‘ಹೊಸದು ಕಲಿಯುವುದು ತಡವಾಗುತ್ತದೆ’ ಎಂದು ತಡೆಯಬೇಡಿ. ತಡವಾಗುವುದಿಲ್ಲ. ತಡೆದರೆ ಮಗುವಿಗೆ ತಲುಪುವ ಸಂದೇಶ, ತಾನು ಬಂದ ಜಾಗ ಈ ಮನೆಯಲ್ಲಿ ಬೇಡವಾದದ್ದು ಎಂದೇ.

ಹೆಸರು ಕರೆಯಲು ಕಷ್ಟ. ಬದಲಿಸಬಹುದೇ?

ಎಲ್ಲ ಮರೆತ ಮೇಲೂ ಮೊದಲ ಭಾಷೆಯಲ್ಲಿ ಉಳಿಯುವ ಒಂದು ಪದವೆಂದರೆ ಹೆಸರು. ಅದನ್ನು ಸರಿಯಾಗಿ ಉಚ್ಚರಿಸಲು ಮನೆಯವರು ಕಲಿಯುವುದು ಮಗು ಇಡೀ ಭಾಷೆ ಕಲಿಯುವುದಕ್ಕಿಂತ ಸುಲಭ. ಹೊಸ ಹೆಸರು ಇಡಲೇಬೇಕೆನಿಸಿದರೆ ಹಳೆಯದರ ಜೊತೆಗೆ ಇಡಿ, ಮತ್ತು ಮಾತು ತಿಳಿಯುವ ವಯಸ್ಸಿನ ಮಗುವನ್ನು ಕೇಳಿ ಇಡಿ.

ಭಾಷೆ ಹೋದರೆ ಆ ಕಾಲದ ನೆನಪುಗಳೂ ಹೋಗುತ್ತವೆಯೇ?

ಪೂರ್ತಿ ಹೋಗುವುದಿಲ್ಲ, ಎಟುಕುವುದು ಕಷ್ಟವಾಗುತ್ತದೆ. ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲೆ ವಿಯೋರಿಕಾ ಮೇರಿಯನ್ ಮತ್ತು ಉಲ್ರಿಕ್ ನೈಸರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರಷ್ಯನ್ನಿನಲ್ಲಿ ಮಾತಾಡಿಸಿದಾಗ ರಷ್ಯನ್ ಆಡುತ್ತಿದ್ದ ಕಾಲದ ಘಟನೆಗಳೂ, ಇಂಗ್ಲಿಷಿನಲ್ಲಿ ಮಾತಾಡಿಸಿದಾಗ ಇಂಗ್ಲಿಷ್ ಕಾಲದವೂ ಹೆಚ್ಚಾಗಿ ನೆನಪಿಗೆ ಬಂದವು. ಯಾವ ಭಾಷೆಯಲ್ಲಿ ಬದುಕಿದೆವೋ ಆ ಭಾಷೆಯೇ ಆ ನೆನಪಿನ ಬೀಗದ ಕೈ. ಹಾಗಾಗಿ ಮಗುವಿಗೆ ಮನೆ ಒಗ್ಗಿದ ಮೇಲೆ, ಆದರೆ ಹಳೆಯ ಭಾಷೆ ಕರಗುವ ಮುನ್ನ, ನಂಬಿಕೆಯ ದುಭಾಷಿಯೊಬ್ಬರು ಕೂತು ಮಗು ಹೇಳಬಯಸಿದಷ್ಟನ್ನು ಅದರ ಮಾತಿನಲ್ಲೇ ಧ್ವನಿಮುದ್ರಿಸಿಕೊಂಡು ಅನುವಾದವನ್ನೂ ಬರೆದಿಡುವುದು ಒಳ್ಳೆಯದು. ಯಾರ ಜೊತೆ ಮಲಗುತ್ತಿದ್ದೆ, ಯಾರು ಹಾಡುತ್ತಿದ್ದರು, ಕಿಟಕಿಯಿಂದ ಏನು ಕಾಣುತ್ತಿತ್ತು, ಇಂಥ ಪ್ರಶ್ನೆಗಳು ಸಾಕು. ನೋವನ್ನು ಕೆದಕುವ ವಿಚಾರಣೆ ಬೇಡ. ಇದಕ್ಕೆ ಸಿಗುವ ಅವಕಾಶ ಕೆಲವೇ ತಿಂಗಳು, ಮತ್ತು ಆ ತಿಂಗಳುಗಳಲ್ಲಿ ಎಲ್ಲರೂ ಹೊಸ ಭಾಷೆ ಕಲಿಸುವ ಗಡಿಬಿಡಿಯಲ್ಲಿ ಇರುತ್ತಾರೆ.

ನಾನೇ ಹಾಗೆ ಬಂದವಳು, ಈಗ ಮೂವತ್ತು ದಾಟಿದೆ. ಮರಳಿ ಕಲಿತರೆ ಬರುತ್ತದೆಯೇ?

ಬರುತ್ತದೆ, ಮತ್ತು ಕೆಲವು ಅಂಶಗಳಲ್ಲಿ ಇತರ ಕಲಿಕೆಯವರಿಗಿಂತ ನೀವು ಮುಂದಿರಬಹುದು. ಕೊರಿಯಾದಿಂದ ದತ್ತು ಬಂದವರ ಮೇಲೆ ಫ್ರಾನ್ಸಿನಲ್ಲಿ ನಡೆದ 2003ರ ಅಧ್ಯಯನ ಮೊದಲ ಭಾಷೆಯ ಕುರುಹೇ ಉಳಿದಿಲ್ಲವೆಂದಿತ್ತು. ಆಮೇಲಿನ ಅಧ್ಯಯನಗಳು ಬೇರೆ ಕಡೆ ಹುಡುಕಿ ಕುರುಹು ಕಂಡವು. ಒಂದು ವರ್ಷದ ಆಸುಪಾಸಿನಲ್ಲಿ ಚೀನಾದಿಂದ ದತ್ತು ಬಂದು ಫ್ರೆಂಚ್ ಮಾತ್ರ ಬಲ್ಲ, 9ರಿಂದ 17 ವರ್ಷದ ಹುಡುಗಿಯರಿಗೆ ಚೀನೀ ಭಾಷೆಯ ಸ್ವರದ ಏರಿಳಿತಗಳನ್ನು ಕೇಳಿಸಿದಾಗ ಅವರ ಮಿದುಳು ಚೀನೀ ಬಲ್ಲವರ ಮಿದುಳಿನಂತೆಯೇ ಸ್ಪಂದಿಸಿತೆಂದು ಕೆನಡಾದಲ್ಲಿ ನಡೆದ 2014ರ ಅಧ್ಯಯನ ತೋರಿಸಿತು. ನೆದರ್ಲೆಂಡ್ಸಿನಲ್ಲಿ ಬೆಳೆದ ಕೊರಿಯನ್ ದತ್ತುಮಕ್ಕಳ ಮೇಲೆ ಜಿಯೌನ್ ಚೋಯ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಶಕಗಳ ಮೇಲೆ ಕೆಲವು ದಿನಗಳ ತರಬೇತಿ ಕೊಟ್ಟಾಗ ಇವರು ಕೊರಿಯನ್ ವ್ಯಂಜನಗಳನ್ನು ಇತರ ಡಚ್ಚರಿಗಿಂತ ಚೆನ್ನಾಗಿ ಉಚ್ಚರಿಸಿದರು.

ಪದಗಳು ತಾವಾಗಿ ಮರಳಿ ಬರುತ್ತವೆಂದು ಕಾಯಬೇಡಿ, ಅವನ್ನು ಎಲ್ಲರಂತೆ ಒಂದೊಂದಾಗಿ ಕಲಿಯಬೇಕು; ನಿಮಗೆ ಅನುಕೂಲ ಸಿಗುವುದು ಧ್ವನಿಯಲ್ಲಿ, ಆದ್ದರಿಂದ ಪುಸ್ತಕಕ್ಕಿಂತ ಕಿವಿ ಬಾಯಿಗಳಿಂದ ಆರಂಭಿಸಿ. ಮುಖ ನೋಡಿ ನಿಮಗೆ ಭಾಷೆ ಬರುತ್ತದೆಂದು ತಿಳಿದು ವೇಗವಾಗಿ ಮಾತಾಡಿಸುವವರು ಸಿಗುತ್ತಾರೆ, ಬಾರದೆಂದಾಗ ಅಚ್ಚರಿಪಡುತ್ತಾರೆ. ತರಗತಿಯಲ್ಲೂ ಇದು ನಡೆಯುತ್ತದೆ. ನಿಮ್ಮ ಹಿನ್ನೆಲೆಯನ್ನು ಮೊದಲ ದಿನವೇ ಶಿಕ್ಷಕರಿಗೆ ತಿಳಿಸಿಟ್ಟರೆ ಆ ಮುಜುಗರ ಅರ್ಧ ತಪ್ಪುತ್ತದೆ. ಕುಟುಂಬ, ಬಾಲ್ಯ, ಹುಟ್ಟೂರು ಎಂಬ ಆರಂಭದ ಪಾಠಗಳಲ್ಲಿ ‘ನಿಮ್ಮ ತಾಯಿಯ ಬಗ್ಗೆ ಐದು ವಾಕ್ಯ ಹೇಳಿ’ ಎಂಬ ಅಭ್ಯಾಸ ಬಂದೇ ಬರುತ್ತದೆ. ಯಾವ ತಾಯಿಯ ಬಗ್ಗೆ ಹೇಳುವುದೆಂದು ಆ ಹೊತ್ತಿಗೆ ನಿರ್ಧರಿಸಲಾಗದಿದ್ದರೆ ಅಂದಿನ ಪಾಠವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು.